ಪೀಕ್ ಸೊನ್ನೆ ಮುಟ್ಟಿದೆ, ದನಿ ಮಾತ್ರ ಸಣ್ಣ: ಮೀಟರ್ ಓದಿ ದೋಷ ಹುಡುಕುವ ಬಗೆ

ಎರಡು ಗಂಟೆಯ ತಾಳಮದ್ದಳೆ. ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ ಅದು: ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಮಾತಾಡುತ್ತಾರೆ, ಆ ಮಾತಿಗೇ 'ಅರ್ಥ' ಎನ್ನುವುದು. ರಾತ್ರಿ ಕೂತು ಮಿಕ್ಸ್ ಮಾಡಿ, ಪೀಕ್ ಮೀಟರ್ ಸೊನ್ನೆಯ ಅಂಚಿಗೆ ಬರುವಷ್ಟು ಏರಿಸಿ ಯೂಟ್ಯೂಬ್‌ಗೆ ಹಾಕಿದ್ದೆ. ಬೆಳಿಗ್ಗೆ ಭಾಗವತರ ಫೋನ್ ಬಂತು. "ಚೆಂಡೆ ಮಾತ್ರ ಕೇಳ್ತದೆ ಮಾರಾಯ್ರೇ. ನನ್ನ ಪದ್ಯ ಎಲ್ಲಿ? ಅರ್ಥ ಅಂತೂ ಮೊಬೈಲನ್ನು ಕಿವಿಗೆ ಹಿಡಿದು ಕೇಳ್ಬೇಕು."

ಫೈಲ್ ಮತ್ತೆ ತೆರೆದೆ. ಪೀಕ್ -0.3 ಡಿಬಿಎಫ್‌ಎಸ್. ಡಿಜಿಟಲ್ ದನಿಯ ಗರಿಷ್ಠ ಮಟ್ಟವೇ ಸೊನ್ನೆ, ಅಲ್ಲಿಂದ ಕೆಳಗೆ ಎಣಿಸುವ ಲೆಕ್ಕ ಇದು. ಇನ್ನು ಏರಿಸಲು ಜಾಗವೇ ಇಲ್ಲ. ಲೌಡ್‌ನೆಸ್ ಮೀಟರ್ ಹಾಕಿ ಪೂರ್ತಿ ಫೈಲ್ ಅಳೆದೆ. ಬಂದದ್ದು -25.2 ಎಲ್‌ಯುಎಫ್‌ಎಸ್. ಕಿವಿಗೆ ಎಷ್ಟು ಜೋರು ಎಂಬುದನ್ನು ಅದೇ ರೀತಿ ಕೆಳಗೆ ಎಣಿಸುವ ಅಳತೆ ಇದು. ಅಂದರೆ ಮಿಕ್ಸ್‌ನ ತುದಿ ಛಾವಣಿ ಮುಟ್ಟಿದೆ, ಮೈಯೆಲ್ಲ ನೆಲದಲ್ಲೇ ಇದೆ. ಈ ಎರಡು ಸಂಖ್ಯೆಗಳ ನಡುವಿನ ಅಂತರ ನೋಡಿದರೆ ಅರ್ಧ ದೋಷ ಅಲ್ಲೇ ಸಿಗುತ್ತದೆ. ಆ ಫೈಲ್ ರಿಪೇರಿ ಮಾಡುವಾಗ ಹಿಡಿದ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ತಾಳಮದ್ದಳೆಗೆ ಮಾತ್ರ ಅಲ್ಲ, ಭಜನೆ, ಪಾಡ್‌ಕಾಸ್ಟ್, ಸುಗಮ ಸಂಗೀತ ಎಲ್ಲಕ್ಕೂ ಇದೇ ಕ್ರಮ ನಡೆಯುತ್ತದೆ.

ಯಾವ ಮೀಟರ್ ಏನು ಹೇಳುತ್ತದೆ

ಪೀಕ್ ಮೀಟರ್‌ಗೆ ಒಂದೇ ಪ್ರಶ್ನೆ: ಅಲೆ ಎಷ್ಟು ಎತ್ತರಕ್ಕೆ ಹೋಯಿತು? ಒಂದು ಮಿಲಿಸೆಕೆಂಡ್‌ನ ಪೆಟ್ಟು ಸೊನ್ನೆ ಮುಟ್ಟಿದರೂ ಅದು ಸೊನ್ನೆ ಎಂದೇ ತೋರಿಸುತ್ತದೆ. ಕಿವಿ ಹಾಗೆ ಅಳೆಯುವುದಿಲ್ಲ. ಸ್ವಲ್ಪ ಹೊತ್ತು ನಿಂತ ದನಿಯನ್ನೇ ಅದು ಜೋರು ಎಂದು ಒಪ್ಪುವುದು. 1939ರಲ್ಲಿ ಅಮೆರಿಕದ ರೇಡಿಯೋದವರು ವಿಯು ಮೀಟರ್ ತಂದಾಗಲೇ ಇದು ಗೊತ್ತಿತ್ತು. ಅದರ ಮುಳ್ಳು ಏಳಲು 300 ಮಿಲಿಸೆಕೆಂಡ್ ಹಿಡಿಯುತ್ತದೆ, ಹಾಗಾಗಿ ಚಿಟಿಕೆ ಹೊಡೆದಂಥ ಸದ್ದಿಗೆ ಅದು ಅಷ್ಟಾಗಿ ಏಳುವುದಿಲ್ಲ.

ಈಗಿನ ಲೌಡ್‌ನೆಸ್ ಮೀಟರ್‌ಗಳೆಲ್ಲ 2006ರಲ್ಲಿ ಬಂದ, ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಬಿಎಸ್.1770 ಎಂಬ ಅಳತೆಯ ಮೇಲೆ ನಿಂತಿವೆ. ಅದು ಮೊದಲು ದನಿಯನ್ನು ಒಂದು ಫಿಲ್ಟರ್‌ನಲ್ಲಿ ಸೋಸುತ್ತದೆ. ತೀರಾ ಕೆಳಗಿನ ಗುಡುಗುಡು ತಗ್ಗುತ್ತದೆ, ಮೇಲಿನ ಚುರುಕು ಸದ್ದು ಸ್ವಲ್ಪ ಏರುತ್ತದೆ. ಆಮೇಲೆ ಸರಾಸರಿ ತೆಗೆಯುತ್ತದೆ. ಮೊಮೆಂಟರಿ ಅಂದರೆ 400 ಮಿಲಿಸೆಕೆಂಡ್‌ನ ಲೆಕ್ಕ, ಶಾರ್ಟ್ ಟರ್ಮ್ ಅಂದರೆ 3 ಸೆಕೆಂಡ್‌ನದು, ಇಂಟಿಗ್ರೇಟೆಡ್ ಅಂದರೆ ಶುರುವಿನಿಂದ ಕೊನೆಯವರೆಗಿನದು. ಒಂದು ಎಲ್‌ಯು (ಲೌಡ್‌ನೆಸ್ ಯೂನಿಟ್) ಅಂದರೆ ಒಂದು ಡಿಬಿ ಎಂದೇ ತಿಳಿಯಿರಿ.

ಮೊದಲು ಮೀಟರನ್ನೇ ಪರೀಕ್ಷಿಸಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಮಿಕ್ಸ್‌ನಲ್ಲಿ ತಪ್ಪು ಹುಡುಕುತ್ತಾ ಒಂದು ದಿನ ಕಳೆದು, ಕೊನೆಗೆ ಮೀಟರ್ ತಪ್ಪು ಜಾಗದಲ್ಲಿ ಕೂತಿತ್ತು ಎಂದು ಗೊತ್ತಾದರೆ ತುಂಬಾ ಬೇಜಾರಾಗುತ್ತದೆ.

1000 ಹರ್ಟ್ಸ್‌ನ ಸೈನ್ ಟೋನ್ ಒಂದನ್ನು ಮಾಡಿ. ಪೀಕ್ -23 ಡಿಬಿಎಫ್‌ಎಸ್ ಇರಲಿ, ಎಡ ಬಲ ಎರಡೂ ಚಾನೆಲ್‌ನಲ್ಲಿ ಒಂದೇ ಟೋನ್ ಇರಲಿ. 20 ಸೆಕೆಂಡ್ ಓಡಿಸಿ. ಮೀಟರ್ ಸರಿ ಇದ್ದರೆ ಮೊಮೆಂಟರಿ, ಶಾರ್ಟ್ ಟರ್ಮ್, ಇಂಟಿಗ್ರೇಟೆಡ್ ಮೂರೂ -23.0 ತೋರಿಸಬೇಕು. ಈಗ ಬಲ ಚಾನೆಲ್ ಮ್ಯೂಟ್ ಮಾಡಿ, ರೀಸೆಟ್ ಒತ್ತಿ ಮತ್ತೆ ಅಳೆಯಿರಿ. -26.0 ಬರಬೇಕು.

ಈ 3 ಎಲ್‌ಯು ವ್ಯತ್ಯಾಸ ಬಹಳ ಜನರನ್ನು ದಾರಿ ತಪ್ಪಿಸಿದೆ. ಮೀಟರ್ ಎರಡೂ ಚಾನೆಲ್‌ನ ಶಕ್ತಿ ಕೂಡಿಸುತ್ತದೆ. ಹಾಗಾಗಿ ಮೋನೋ ಫೈಲ್ ಒಂದು -19 ತೋರಿಸಿದರೆ, ಅದೇ ಫೈಲ್ ಎರಡು ಸ್ಪೀಕರ್‌ನಲ್ಲಿ ಕೇಳುವಾಗ -16ರ ಸ್ಟೀರಿಯೋ ಫೈಲ್‌ನಷ್ಟೇ ಜೋರು ಇರುತ್ತದೆ. ಒಂದೇ ಮೈಕಿನ ಪಾಡ್‌ಕಾಸ್ಟ್ ಮಾಡುವವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು.

ಟೋನ್ ಸರಿ ಬಂದರೂ ಮಿಕ್ಸ್‌ನ ಅಳತೆ ಹೊಂದದಿದ್ದರೆ ಮೀಟರ್ ಎಲ್ಲಿದೆ ನೋಡಿ. ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಮಾಸ್ಟರ್‌ಗೆ (ಎಲ್ಲ ಟ್ರ್ಯಾಕ್ ಸೇರುವ ಕೊನೆಯ ಚಾನೆಲ್) ಹಾಕಿದ ಪ್ಲಗಿನ್ ಫೇಡರ್‌ಗಿಂತ (ದನಿ ಏರಿಳಿಸುವ ಹಿಡಿ) ಮೊದಲೇ ಕೂರುತ್ತದೆ. ಫೇಡರ್ 4 ಡಿಬಿ ಇಳಿಸಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಪ್ರೋ ಟೂಲ್ಸ್‌ನ ಮಾಸ್ಟರ್ ಫೇಡರ್‌ನಲ್ಲಿ ಇದು ಉಲ್ಟಾ, ಪ್ಲಗಿನ್ ಫೇಡರ್‌ನ ನಂತರ ಬರುತ್ತದೆ. ಇನ್ನೊಂದು, ಹೆಡ್‌ಫೋನ್ ಅಥವಾ ರೂಮ್ ಸರಿಪಡಿಸುವ ಪ್ಲಗಿನ್ ಮಾಸ್ಟರ್‌ನಲ್ಲಿ ಆನ್ ಇದ್ದರೆ ಮೀಟರ್ ಅಳೆಯುವುದು ನಿಮ್ಮ ಮಿಕ್ಸನ್ನಲ್ಲ, ಅದರ ತಿದ್ದಿದ ರೂಪವನ್ನು. ಎಕ್ಸ್‌ಪೋರ್ಟ್ ಮಾಡುವಾಗಲೂ ಅದು ಆನ್ ಇದ್ದರೆ ಕೇಳುವವರ ಕಿವಿಗೂ ಅದೇ ಹೋಗುತ್ತದೆ.

ಇಂಟಿಗ್ರೇಟೆಡ್ ಲೆಕ್ಕ ರೀಸೆಟ್ ಮಾಡುವವರೆಗೆ ಕೂಡುತ್ತಲೇ ಇರುತ್ತದೆ. ಬೆಳಿಗ್ಗೆ ಕೇಳಿದ ಹಾಡಿನ ಲೆಕ್ಕವೂ ಅದರಲ್ಲಿ ಸೇರಿರಬಹುದು. ಹಾಗಾಗಿ ಕೊನೆಯ ಮಾತು ಎಕ್ಸ್‌ಪೋರ್ಟ್ ಆದ ಫೈಲ್‌ನದ್ದೇ ಆಗಿರಲಿ. ರೀಪರ್ ಎಂಬ ಮಿಕ್ಸಿಂಗ್ ಸಾಫ್ಟ್‌ವೇರ್‌ನಲ್ಲಿ ಡ್ರೈ ರನ್ ರೆಂಡರ್ (ಫೈಲ್ ಬರೆಯದೆ ಅಳೆಯುವುದು) ಇದೆ, ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದಲ್ಲಿ ಇದಕ್ಕೆಂದೇ ಒಂದು ಫಿಲ್ಟರ್ ಇದೆ. ಎರಡೂ ಪೂರ್ತಿ ಫೈಲನ್ನು ಬೇಗ ಅಳೆದು ಕೊಡುತ್ತವೆ. ಕೆಲಸ ಮಾಡುತ್ತಾ ನೋಡಲು ಯೂಲೀನ್ ಮೀಟರ್‌ನ ಉಚಿತ ಆವೃತ್ತಿಯೇ ಸಾಕು.

ಪೀಕ್ ಜಾಸ್ತಿ, ಲೌಡ್‌ನೆಸ್ ಕಮ್ಮಿ

ಮೀಟರ್ ಸರಿ ಇದೆ ಎಂದು ಖಾತ್ರಿಯಾದ ಮೇಲೆ ಅಂತರ ಲೆಕ್ಕ ಹಾಕಿ. ನನ್ನ ಫೈಲ್‌ನ ಟ್ರೂ ಪೀಕ್ (ಅಲೆಯ ನಿಜವಾದ ತುದಿ, ಇದರ ವಿವರ ಮುಂದೆ ಬರುತ್ತದೆ) +1.4 ಡಿಬಿಟಿಪಿ ಇತ್ತು, ಇಂಟಿಗ್ರೇಟೆಡ್ -25.2. ಅಂತರ 26.6. ಒತ್ತಿ ಮಾಸ್ಟರ್ ಮಾಡಿದ ಸಿನಿಮಾ ಹಾಡಿನಲ್ಲಿ ಈ ಅಂತರ 10ರ ಆಸುಪಾಸಿನಲ್ಲಿ ಇರುವುದುಂಟು. ಇಷ್ಟು ದೊಡ್ಡ ಅಂತರ ಕಂಡರೆ, ಯಾವುದೋ ಒಂದು ಸದ್ದು ಕಿವಿಗೆ ಹೆಚ್ಚು ಉಪಯೋಗವಿಲ್ಲದೆ ಎತ್ತರವನ್ನೆಲ್ಲ ತಿನ್ನುತ್ತಿದೆ ಎಂದರ್ಥ. ಅದು ಯಾವುದು ಎಂದು ಹಿಡಿಯಬೇಕು.

ಒಂದೊಂದೇ ಟ್ರ್ಯಾಕ್ ಮ್ಯೂಟ್ ಮಾಡುತ್ತಾ ಮಾಸ್ಟರ್ ಪೀಕ್ ನೋಡಿ. ಯಾವುದನ್ನು ಮ್ಯೂಟ್ ಮಾಡಿದಾಗ ಪೀಕ್ ಧಪ್ಪನೆ ಬಿದ್ದು ಲೌಡ್‌ನೆಸ್ ಅಷ್ಟಾಗಿ ಬೀಳುವುದಿಲ್ಲವೋ ಅದೇ ಕಳ್ಳ. ನನ್ನದರಲ್ಲಿ ಚೆಂಡೆ. ಮ್ಯೂಟ್ ಮಾಡಿದಾಗ ಪೀಕ್ 9 ಡಿಬಿ ಇಳಿಯಿತು, ಲೌಡ್‌ನೆಸ್ ಇಳಿದದ್ದು ಎರಡೇ ಎಲ್‌ಯು.

ಒಂದೇ ಒಂದು ಪೆಟ್ಟನ್ನು ಸ್ಕ್ರೀನ್ ತುಂಬ ಹಿಗ್ಗಿಸಿ ನೋಡಿದೆ. ಕೋಲು ಚರ್ಮಕ್ಕೆ ಬಿದ್ದ ಕ್ಷಣ ನೆಟ್ಟಗೆ ಒಂದು ಸೂಜಿ ಏಳುತ್ತದೆ. ಅಗಲ ಎರಡು ಮೂರು ಮಿಲಿಸೆಕೆಂಡ್ ಅಷ್ಟೆ. ಅದರ ಹಿಂದೆ ಬರುವ ನಾದದ ಬಾಲ ಸೂಜಿಯ ಕಾಲುಭಾಗದಷ್ಟೂ ಎತ್ತರ ಇಲ್ಲ. ನಾವು ಚೆಂಡೆ ಎಂದು ಕೇಳುವ ಗುಂಗು ಬಾಲದಲ್ಲಿದೆ, ಅದರ ಖಡಕ್ ಸೂಜಿಯಲ್ಲಿದೆ. ಪೀಕ್ ಮೀಟರ್ ಸೂಜಿಯನ್ನು ಮಾತ್ರ ನೋಡುತ್ತದೆ, ಲೌಡ್‌ನೆಸ್ ಮೀಟರ್ ಹೆಚ್ಚಾಗಿ ಬಾಲವನ್ನು.

ಇಲ್ಲಿ ಮಾಸ್ಟರ್‌ಗೆ ಒಂದು ಲಿಮಿಟರ್ (ಒಂದು ಮಟ್ಟ ದಾಟುವ ದನಿಯನ್ನು ಒತ್ತಿ ತಡೆಯುವ ಸಾಧನ) ಹಾಕಿ ಹತ್ತು ಡಿಬಿ ತಳ್ಳುವ ಆಸೆ ಬರುತ್ತದೆ. ದಯವಿಟ್ಟು ಬೇಡ. ನಾನು ಮಾಡಿ ಕೇಳಿದ್ದೇನೆ. ಚೆಂಡೆ ತಗಡಿನ ಡಬ್ಬಿ ಬಡಿದಂತಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಪ್ರತಿ ಪೆಟ್ಟಿಗೂ ಭಾಗವತರ ದನಿ ಹಿಂದಕ್ಕೆ ಹೋಗಿ ಬರುತ್ತದೆ. ಏರುಪದ್ಯದಲ್ಲಿ ದನಿ ಉಸಿರುಗಟ್ಟಿದ ಹಾಗೆ ಕೇಳುತ್ತದೆ. ಕಳ್ಳ ಒಂದು ಟ್ರ್ಯಾಕ್‌ನಲ್ಲಿ ಇರುವಾಗ ಶಿಕ್ಷೆಯೂ ಅಲ್ಲೇ ಆಗಬೇಕು, ಅಲ್ವಾ?

ಹಾಗಾಗಿ ಚೆಂಡೆ ಟ್ರ್ಯಾಕ್‌ನಲ್ಲೇ ಕೆಲಸ ಮಾಡಿದೆ. ಫೇಡರ್ 3 ಡಿಬಿ ಇಳಿಸಿದೆ. ಎಲ್ಲಕ್ಕಿಂತ ಹೊರಗೆ ಚಾಚಿದ ಪೆಟ್ಟುಗಳನ್ನು ಹುಡುಕಿ ಕೈಯಲ್ಲೇ ಕ್ಲಿಪ್ ಗೇನ್ (ಆ ತುಂಡಿನ ಮಟ್ಟ ಮಾತ್ರ) 4 ಡಿಬಿ ಕಮ್ಮಿ ಮಾಡಿದೆ. ಎರಡು ಗಂಟೆಯಲ್ಲಿ ಅಂಥವು ಸುಮಾರು ಎಪ್ಪತ್ತು ಇದ್ದವು. ಉಳಿದದ್ದಕ್ಕೆ ಒಂದು ವೇಗದ ಲಿಮಿಟರ್, ಅದು ಹಿಡಿದದ್ದು 3 ಡಿಬಿ. ಎಲ್ಲ ಸೇರಿ ಹತ್ತು ಡಿಬಿ ಜಾಗ ಸಿಕ್ಕಿತು, ಪೆಟ್ಟಿನ ಜೀವ ಹೋಗಲಿಲ್ಲ. ಭಾಗವತರ ಮೈಕಿಗೂ ಪಕ್ಕದ ಚೆಂಡೆ ನುಗ್ಗಿತ್ತು. ಅಲ್ಲಿಯೂ ಹೊರಚಾಚಿದ ಪೆಟ್ಟುಗಳನ್ನು ಹೀಗೇ ಇಳಿಸಬೇಕಾಯಿತು. ಮುಂದಿನ ಕಾರ್ಯಕ್ರಮದಿಂದ ಕಾರ್ಡಿಯಾಯ್ಡ್ (ಹಿಂದಿನ ಸದ್ದನ್ನು ಕಮ್ಮಿ ಹಿಡಿಯುವ) ಮೈಕಿನ ಬೆನ್ನು ಚೆಂಡೆಯ ಕಡೆಗೆ ಬರುವಂತೆ ಇಡುತ್ತಿದ್ದೇನೆ. ಮಿಕ್ಸ್‌ನಲ್ಲಿ ಎರಡು ರಾತ್ರಿಯ ಕೆಲಸ ಮೈಕ್ ತಿರುಗಿಸಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಯಾವ ವಾದ್ಯವೂ ಕಳ್ಳ ಅಲ್ಲ ಅಂತಾದರೆ ಕೆಳಗಿನ ಗುಡುಗು ನೋಡಿ. ಫ್ಯಾನ್‌ನ ಗಾಳಿ ಮೈಕಿಗೆ ಬಡಿಯುವುದು, ಮರದ ವೇದಿಕೆ ಮೇಲೆ ಯಾರೋ ನಡೆಯುವುದು, ಮೈಕ್ ಸ್ಟ್ಯಾಂಡ್‌ಗೆ ಕಾಲು ತಾಗುವುದು. ಇವೆಲ್ಲ 40 ಹರ್ಟ್ಸ್‌ಗಿಂತ ಕೆಳಗೆ ದೊಡ್ಡ ಅಲೆ ಎಬ್ಬಿಸುತ್ತವೆ. ಮೊಬೈಲ್ ಸ್ಪೀಕರ್‌ನಲ್ಲಿ ಕೇಳುವುದೇ ಇಲ್ಲ. ಲೌಡ್‌ನೆಸ್ ಮೀಟರ್‌ನ ಫಿಲ್ಟರ್ ಕೂಡ ಅದನ್ನು ತುಂಬಾ ತಗ್ಗಿಸಿಯೇ ಎಣಿಸುತ್ತದೆ. ಪೀಕ್ ಮೀಟರ್‌ಗೆ ಮಾತ್ರ ಅದು ಪೂರ್ತಿ ಕಾಣುತ್ತದೆ. ಮಾತಿನ ಮೈಕಿಗೆ 80 ಹರ್ಟ್ಸ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಫಿಲ್ಟರ್) ಹಾಕಿ ನೋಡಿ. ದನಿ ಬದಲಾಗದೆ ಪೀಕ್ ನಾಲ್ಕೈದು ಡಿಬಿ ಬಿದ್ದರೆ ದೋಷ ಸಿಕ್ಕಿತು.

ಸಂಖ್ಯೆ ಸರಿ ಇದೆ, ಮಾತು ಮಾತ್ರ ಕೇಳುವುದಿಲ್ಲ

ಚೆಂಡೆ ಸರಿಯಾದ ಮೇಲೆ ಇಡೀ ಮಿಕ್ಸ್ 7 ಡಿಬಿ ಏರಿಸಿದೆ. ಇಂಟಿಗ್ರೇಟೆಡ್ -18 ಬಂತು. ಸಮಾಧಾನವಾಯಿತು. ಆದರೆ ಮನೆಯಲ್ಲಿ ಕೇಳಿದರೆ ಪದ್ಯ ಚೆನ್ನಾಗಿದೆ, ಅರ್ಥಧಾರಿಗಳ ಮಾತು ಇನ್ನೂ ಪಿಸುಪಿಸು. ಮೀಟರ್ ಸರಿ ಎನ್ನುತ್ತದೆ, ಕಿವಿ ಒಪ್ಪುತ್ತಿಲ್ಲ.

ಕಾರಣ ಗೇಟ್. ಇಂಟಿಗ್ರೇಟೆಡ್ ಲೆಕ್ಕ ಹಾಕುವಾಗ ಮೀಟರ್ ಎಲ್ಲವನ್ನೂ ಎಣಿಸುವುದಿಲ್ಲ. ಮೊದಲು -70 ಎಲ್‌ಯುಎಫ್‌ಎಸ್‌ಗಿಂತ ಕೆಳಗಿನ ಮೌನ ಬಿಟ್ಟು ಒಂದು ಸರಾಸರಿ ತೆಗೆಯುತ್ತದೆ. ಆಮೇಲೆ ಆ ಸರಾಸರಿಗಿಂತ 10 ಎಲ್‌ಯು ಕೆಳಗಿರುವುದನ್ನೂ ಬಿಟ್ಟು ಮತ್ತೊಮ್ಮೆ ಲೆಕ್ಕ ಹಾಕುತ್ತದೆ. ಹಾಡಿನ ನಡುವಿನ ನಿಲುಗಡೆ ಸಂಖ್ಯೆಯನ್ನು ಕೆಳಗೆ ಎಳೆಯಬಾರದು ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ.

ನನ್ನ ಫೈಲ್‌ನಲ್ಲಿ ಪದ್ಯ ನೂರಕ್ಕೆ ನಲವತ್ತು ಪಾಲು, ಶಾರ್ಟ್ ಟರ್ಮ್ -18ರ ಸುತ್ತ. ಅರ್ಥ ಅರವತ್ತು ಪಾಲು, -33ರ ಸುತ್ತ. ಮೊದಲ ಸರಾಸರಿ ಬರುವುದು -21.8. ಅದಕ್ಕಿಂತ 10 ಕೆಳಗೆ ಅಂದರೆ -31.8. ಅರ್ಥ -33ರಲ್ಲಿದೆ. ಅಂದರೆ ಎರಡು ಗಂಟೆಯ ಕಾರ್ಯಕ್ರಮದ ಅರವತ್ತು ಪಾಲು ಮಾತನ್ನು ಮೀಟರ್ ಮೌನ ಎಂದು ಪಕ್ಕಕ್ಕಿಟ್ಟಿದೆ! ಅದು ತೋರಿಸಿದ -18 ಪದ್ಯದ ಸಂಖ್ಯೆ ಮಾತ್ರ. ತಾಳಮದ್ದಳೆಯಲ್ಲಿ ಜನ ಕಾದು ಕೂರುವುದೇ ಅರ್ಥಕ್ಕೆ. ಅದೇ ಲೆಕ್ಕದಲ್ಲಿ ಇಲ್ಲ.

ಇದನ್ನು ಹಿಡಿಯುವ ಕನ್ನಡಿ ಎಲ್‌ಆರ್‌ಎ, ಅಂದರೆ ಲೌಡ್‌ನೆಸ್ ರೇಂಜ್, ಸಣ್ಣ ಭಾಗಕ್ಕೂ ಜೋರು ಭಾಗಕ್ಕೂ ನಡುವಿನ ಅಂತರ. ಅದರ ಗೇಟ್ 20 ಎಲ್‌ಯು ಕೆಳಗಿರುತ್ತದೆ, ಹಾಗಾಗಿ ಮಾತು ಅದರೊಳಗೆ ಸಿಗುತ್ತದೆ. ನನ್ನದು 16 ತೋರಿಸಿತು. ಮಾತು ಹಾಡು ಬೆರೆತ ಕಾರ್ಯಕ್ರಮದಲ್ಲಿ ಎಲ್‌ಆರ್‌ಎ 10 ದಾಟಿದರೆ ನಾನು ಮಾತನ್ನು ಬೇರೆಯಾಗಿ ಅಳೆಯುತ್ತೇನೆ. ಒಂದು ನಿಮಿಷದ ಅರ್ಥವನ್ನು ಸೆಲೆಕ್ಟ್ ಮಾಡಿ, ರೀಸೆಟ್ ಮಾಡಿ, ಅದರದ್ದೇ ಇಂಟಿಗ್ರೇಟೆಡ್ ನೋಡುತ್ತೇನೆ. ಆಮೇಲೆ ಒಂದು ಪದ್ಯದ್ದು.

ಮಾತಿನ ಭಾಗವನ್ನೆಲ್ಲ ಕ್ಲಿಪ್ ಗೇನ್‌ನಿಂದ ಏರಿಸಿ -21ಕ್ಕೆ ತಂದೆ. 12 ಡಿಬಿ ಏರಿಸುವಾಗ ಸಭಾಂಗಣದ ಫ್ಯಾನ್ ಸದ್ದೂ ಏರುತ್ತದೆ, ಅದನ್ನು ಹದವಾಗಿ ನಾಯ್ಸ್ ರಿಡಕ್ಷನ್‌ನಿಂದ ತಗ್ಗಿಸಬೇಕಾಯಿತು. ಈಗ ಇಂಟಿಗ್ರೇಟೆಡ್ ಎಷ್ಟು ಬಂತು ಗೊತ್ತಾ? -19.5. ಮಾತು ಏರಿಸಿದ ಮೇಲೆ ಸಂಖ್ಯೆ ಇಳಿಯಿತು! ಮೊದಲು ಹೊರಗಿದ್ದ ಮಾತು ಈಗ ಗೇಟ್‌ನ ಒಳಗೆ ಬಂದು ಎಣಿಕೆಗೆ ಸೇರಿತು, ಅಷ್ಟೆ. ಇಲ್ಲಿ ಗಾಬರಿಯಾಗಿ ಮಾತನ್ನು ಮತ್ತೆ ಇಳಿಸಬೇಡಿ. ಎಲ್‌ಆರ್‌ಎ 16ರಿಂದ 7ಕ್ಕೆ ಬಂದಿತ್ತು. ಕೇಳಲು ಹಿತವಾಗಿತ್ತು. ಇಡೀ ಮಿಕ್ಸ್ ಇನ್ನೆರಡು ಡಿಬಿ ಏರಿಸಿ, -1 ಡಿಬಿಟಿಪಿಗೆ ಟ್ರೂ ಪೀಕ್ ಲಿಮಿಟರ್ ಹಾಕಿ -17.5ರಲ್ಲಿ ನಿಲ್ಲಿಸಿದೆ.

ಕೆಂಪು ಬಂದಿಲ್ಲ, ಆದರೂ ಕರಕರ

ಮೂರು ಕಾರಣ ಇರಬಹುದು. ಮೊದಲನೆಯದು, ಸ್ಯಾಂಪಲ್‌ಗಳ ನಡುವಿನ ಪೀಕ್. ಸ್ಯಾಂಪಲ್ ಅಂದರೆ ಅಲೆಯನ್ನು ಕ್ಷಣಕ್ಷಣಕ್ಕೆ ಅಳೆದಿಟ್ಟ ಬಿಂದು. ಉಯ್ಯಾಲೆ ಆಡುವ ಮಗುವಿನ ಫೋಟೋಗಳನ್ನು ಬೇಗಬೇಗ ತೆಗೆದಿದ್ದೀರಿ ಎಂದುಕೊಳ್ಳಿ. ಅತಿ ಎತ್ತರದ ಕ್ಷಣವೇ ಫೋಟೋದಲ್ಲಿ ಸಿಗಬೇಕೆಂದಿಲ್ಲ. ಸ್ಯಾಂಪಲ್ ಪೀಕ್ ಮೀಟರ್ ನೋಡುವುದು ಫೋಟೋಗಳನ್ನು ಮಾತ್ರ. ಫೈಲ್ ಮತ್ತೆ ಅಲೆಯಾಗುವಾಗ ತುದಿ ಸೊನ್ನೆ ದಾಟಿ ಹೋಗಬಹುದು. ಸ್ಯಾಂಪಲ್ ರೇಟ್‌ನ ಕಾಲು ಭಾಗದ ಟೋನ್‌ನಲ್ಲಿ ಈ ವ್ಯತ್ಯಾಸ 3 ಡಿಬಿಯವರೆಗೂ ಬರುತ್ತದೆ. ಟ್ರೂ ಪೀಕ್ ಮೀಟರ್ ನಡುನಡುವೆ ಇನ್ನಷ್ಟು ಬಿಂದುಗಳನ್ನು ಲೆಕ್ಕ ಹಾಕಿ, ಸಾಮಾನ್ಯವಾಗಿ ನಾಲ್ಕು ಪಟ್ಟು, ಆ ತುದಿಯನ್ನು ಅಂದಾಜಿಸುತ್ತದೆ. ನನ್ನ ಫೈಲ್ -0.3 ಇದ್ದೂ +1.4 ಆದದ್ದು ಹೀಗೆ. ತಾಳದ ಚುರುಕು ಸದ್ದು, ಚೆಂಡೆಯ ಸೂಜಿ, ಇವೇ ಹೆಚ್ಚಾಗಿ ಹೀಗೆ ಮಾಡುವುದು.

ಎರಡನೆಯದು ಎನ್‌ಕೋಡಿಂಗ್. ಎಂಪಿ3 ಅಥವಾ ಎಎಸಿ ಮಾಡಿದಾಗ ಅಲೆಯ ಆಕಾರ ಸ್ವಲ್ಪ ಬದಲಾಗುತ್ತದೆ, ಪೀಕ್ ಏರುತ್ತದೆ. ಬಿಟ್ ರೇಟ್ ಕಮ್ಮಿಯಾದಷ್ಟೂ ಇದು ಜಾಸ್ತಿ. ಪತ್ತೆ ಹಚ್ಚುವುದು ಸುಲಭ. ಎನ್‌ಕೋಡ್ ಆದ ಫೈಲನ್ನೇ ಮತ್ತೆ ಪ್ರಾಜೆಕ್ಟ್‌ಗೆ ತಂದು ಟ್ರೂ ಪೀಕ್ ಅಳೆಯಿರಿ. ವೇವ್ ಫೈಲ್‌ನಲ್ಲಿ -1 ಇಟ್ಟುಕೊಳ್ಳಿ ಎಂದು ಎಲ್ಲರೂ ಹೇಳುವುದು ಇದಕ್ಕೇ. ಸ್ಪಾಟಿಫೈ, -14ಕ್ಕಿಂತ ಜೋರಾದ ಫೈಲ್‌ಗೆ -2 ಇಡಿ ಎನ್ನುತ್ತದೆ.

ಮೂರನೆಯದು ಹಿಂದೆಯೇ ಆದ ಗಾಯ. ಸಭಾಂಗಣದ ಮಿಕ್ಸರ್‌ನಿಂದ ತೆಗೆದುಕೊಂಡ ಲೈನ್ ಅಲ್ಲೇ ಒಡೆದಿದ್ದು, ನಿಮ್ಮ ರೆಕಾರ್ಡರ್‌ಗೆ ಬರುವಷ್ಟರಲ್ಲಿ ಲೆವೆಲ್ ಇಳಿದಿದ್ದರೆ, ಪೀಕ್ -8 ತೋರಿಸುತ್ತದೆ, ಕೆಂಪು ದೀಪ ಉರಿಯುವುದೇ ಇಲ್ಲ. ಅಲೆಯನ್ನು ಹಿಗ್ಗಿಸಿ ನೋಡಿ. ತುದಿಗಳೆಲ್ಲ ಒಂದೇ ಮಟ್ಟದಲ್ಲಿ ಕತ್ತರಿಸಿದಂತೆ ಚಪ್ಪಟೆಯಾಗಿದ್ದರೆ ಇದೇ. ಡಿ-ಕ್ಲಿಪ್ ಸಾಧನ ಅರ್ಧಂಬರ್ಧ ಉಳಿಸಬಹುದು, ಪೂರ್ತಿ ಸಿಗುವುದಿಲ್ಲ. ಮುಂದಿನ ಸಲ ಮಿಕ್ಸರ್‌ನವರ ಹತ್ತಿರ ಮೊದಲೇ ಮಾತಾಡಿ, ಚಾನೆಲ್‌ನ ಗೇನ್ ಕಮ್ಮಿ ಇಡಿಸಿ.

ಸಾಫ್ಟ್‌ವೇರ್ ಒಳಗೆ ಒಂದು ಟ್ರ್ಯಾಕ್ ಕೆಂಪಾದರೆ ಹೆದರಬೇಕಾಗಿಲ್ಲ. ಸೊನ್ನೆಯ ಮೇಲೂ ಜಾಗ ಇರುವ 32 ಬಿಟ್ ಫ್ಲೋಟ್ ಲೆಕ್ಕದಲ್ಲಿ ಅದು ಒಡೆಯುವುದಿಲ್ಲ, ಮಾಸ್ಟರ್‌ನಲ್ಲಿ ಇಳಿಸಿದರೆ ಸಾಕು. 24 ಬಿಟ್‌ಗೆ ಎಕ್ಸ್‌ಪೋರ್ಟ್ ಮಾಡುವಾಗ ಸೊನ್ನೆ ದಾಟಿದ್ದರೆ ಮಾತ್ರ ಖಂಡಿತ ಕತ್ತರಿಸುತ್ತದೆ.

ಅಪ್‌ಲೋಡ್ ಆದ ಮೇಲೆ ಬದಲಾಯಿತು

ಯೂಟ್ಯೂಬ್ -14 ಎಲ್‌ಯುಎಫ್‌ಎಸ್‌ಗಿಂತ ಜೋರಾದದ್ದನ್ನು ಇಳಿಸುತ್ತದೆ, ಸಣ್ಣದನ್ನು ಏರಿಸುವುದಿಲ್ಲ. ಹಾಗಾಗಿ -8ಕ್ಕೆ ಒತ್ತಿದ ಹಾಡು 6 ಡಿಬಿ ಕೆಳಗೆ ಬರುತ್ತದೆ, ಒತ್ತಿ ಸಾಯಿಸಿದ ಪೆಟ್ಟು ಮಾತ್ರ ವಾಪಸ್ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ ವಿಡಿಯೋ ಮೇಲೆ ಬಲಗಡೆ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದರೆ ಕಂಟೆಂಟ್ ಲೌಡ್‌ನೆಸ್ ಎಂಬ ಸಾಲು ಸಿಗುತ್ತದೆ. ಅಲ್ಲಿ 6.0 ಇದ್ದರೆ ಅಷ್ಟು ಇಳಿಸಿದ್ದಾರೆ ಎಂದರ್ಥ. ಮೈನಸ್ ಇದ್ದರೆ ಹಾಗೇ ಬಿಟ್ಟಿದ್ದಾರೆ. ಹೋಲಿಸಿ ನೋಡುವಾಗ ಯೂಟ್ಯೂಬ್‌ನ ಸ್ಟೇಬಲ್ ವಾಲ್ಯೂಮ್ (ಜೋರು ಸಣ್ಣ ದನಿಗಳನ್ನು ಸಮ ಮಾಡುವ ಆಯ್ಕೆ) ಆಫ್ ಮಾಡಿ, ಇಲ್ಲವಾದರೆ ನೀವು ಕೇಳುವುದು ನಿಮ್ಮ ಮಿಕ್ಸ್ ಆಗಿರುವುದಿಲ್ಲ.

ಆಪಲ್ ಪಾಡ್‌ಕಾಸ್ಟ್‌ನವರು -16ರ ಹತ್ತಿರ ಇಡಲು ಹೇಳುತ್ತಾರೆ. ಯುರೋಪಿನ ಪ್ರಸಾರದವರ ಆರ್128 ಎಂಬ ಶಿಫಾರಸು, 2010ರಿಂದ -23 ಎನ್ನುತ್ತಿದೆ. ಅಲ್ಲಿನ ಟಿವಿಗೆ ಕೊಡುವ ಫೈಲನ್ನೇ ಯೂಟ್ಯೂಬ್‌ಗೆ ಹಾಕಿದರೆ -14ರ ಹಾಡಿಗಿಂತ 9 ಎಲ್‌ಯು ಸಣ್ಣಗೆ ಕೇಳುವುದು ಇದೇ ಕಾರಣಕ್ಕೆ. ಎರಡಕ್ಕೆ ಎರಡು ಫೈಲ್ ಮಾಡಿ.

ನನ್ನ ತಾಳಮದ್ದಳೆ -17.5ರಲ್ಲೇ ಇದೆ. -14ಕ್ಕೆ ಇನ್ನೂ 3.5 ಬಾಕಿ. ಅಲ್ಲಿಗೆ ತಳ್ಳಲು ಚೆಂಡೆಯನ್ನು ಇನ್ನಷ್ಟು ಒತ್ತಬೇಕು, ನನಗೆ ಮನಸ್ಸಿಲ್ಲ. ಕೇಳುವವರು ವಾಲ್ಯೂಮ್ ಸ್ವಲ್ಪ ಏರಿಸಿಕೊಳ್ಳಬಹುದು, ಹೋದ ಪೆಟ್ಟನ್ನು ತರಲಾರರು.

ಎಲ್ಲ ಸರಿ ಇದ್ದೂ ಹಳೆಯದೇ ಚೆನ್ನಾಗಿತ್ತು ಅನಿಸಿದರೆ

ಎರಡು ಮಿಕ್ಸ್ ಹೋಲಿಸುವಾಗ ಜೋರಾಗಿರುವುದೇ ಚೆನ್ನಾಗಿ ಕೇಳುತ್ತದೆ. ಒಂದೇ ಎಲ್‌ಯು ವ್ಯತ್ಯಾಸ ಇದ್ದರೂ ಕಿವಿ ಅದರ ಕಡೆ ವಾಲುತ್ತದೆ. ಹಾಗಾಗಿ ಹೋಲಿಸುವ ಮೊದಲು ಎರಡರಲ್ಲೂ ಒಂದೇ ಪದ್ಯದ ಇಂಟಿಗ್ರೇಟೆಡ್ ಅಳೆಯಿರಿ. ಜೋರಾದದ್ದನ್ನು ಅಷ್ಟೇ ಇಳಿಸಿ ಸಮ ಮಾಡಿ. ಆಮೇಲೆ ಕಣ್ಣು ಮುಚ್ಚಿ ಬದಲಿಸುತ್ತಾ ಕೇಳಿ. ನಾನು ಮೊದಲು ಪದ್ಯದ ಕೊನೆಯ ಸಾಲು ಕೇಳುತ್ತೇನೆ, ಚೆಂಡೆ ಜೋರಾಗಿ ಏಳುವ ಜಾಗ. ಆಮೇಲೆ ಅದು ನಿಂತು ಅರ್ಥ ಶುರುವಾಗುವ ಮೊದಲ ಮಾತು. ವಾಲ್ಯೂಮ್‌ಗೆ ಕೈ ಹಾಕದೆ ಆ ಎರಡೂ ಕೇಳಿಸಿದರೆ ಫೈಲ್ ಕಳಿಸುತ್ತೇನೆ.